ಎಂಟು ವಾರ, ಆರು ಊರು: ಜಪಾನಿನಲ್ಲಿ ತೈಕೊ ಕಲಿಯಲು ಇದು ಸರಿಯಾದ ಲೆಕ್ಕವೇ?

ಪ್ರಶ್ನೆ: ನಮಸ್ಕಾರ ಸರ್. ನನಗೆ 29 ವರ್ಷ. ಊರು ಸಾಗರದ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ಕಾಲೇಜಿನಲ್ಲಿ ನಾಲ್ಕು ವರ್ಷ ಹೆಣ್ಣುಮಕ್ಕಳ ಡೊಳ್ಳು ತಂಡದಲ್ಲಿದ್ದೆ. ಮುಂದಿನ ಜುಲೈ, ಆಗಸ್ಟ್ ಎರಡು ತಿಂಗಳು ಸಂಬಳವಿಲ್ಲದ ರಜೆ ಸಿಕ್ಕಿದೆ. ಜಪಾನಿಗೆ ಹೋಗಿ ಅಲ್ಲಿನ ದೊಡ್ಡ ಡ್ರಮ್, ತೈಕೊ ಕಲಿಯಬೇಕು ಅಂತ ಆಸೆ. ಟೋಕಿಯೊ, ಚಿಚಿಬು, ಮಿಯಾಕೆ ದ್ವೀಪ, ಹಕುಸಾನ್, ಕ್ಯೋಟೊ, ಸಾದೊ ದ್ವೀಪ ಅಂತ ಆರು ಕಡೆಯ ಕಾರ್ಯಾಗಾರಗಳ ಪಟ್ಟಿ ಮಾಡಿಕೊಂಡಿದ್ದೇನೆ. ಈ ಲೆಕ್ಕ ಸರಿಯೇ? ಹೋಗುವ ಮುಂಚೆ ಏನು ಅಭ್ಯಾಸ ಮಾಡಲಿ? ಜಪಾನೀ ಭಾಷೆ ಬರುವುದಿಲ್ಲ. ಮೀನು, ಮಾಂಸ ತಿನ್ನುವುದಿಲ್ಲ. ಅಮ್ಮನದು ಇನ್ನೊಂದು ಪ್ರಶ್ನೆ: ಆ ಡ್ರಮ್ಮಿಗೆ ಯಾವ ಚರ್ಮ ಹಾಕುತ್ತಾರೆ?

ಉತ್ತರ: ನಿಮ್ಮ ಪಟ್ಟಿಯನ್ನು ಎರಡು ಸಲ ಓದಿದೆ. ಆರರಲ್ಲಿ ನಾಲ್ಕನ್ನು ಹೊಡೆದುಹಾಕಿ. ಬೇಜಾರಾಗಬೇಡಿ, ಯಾಕೆ ಅಂತ ಹೇಳುತ್ತೇನೆ.

ಮೊದಲ ಸಲ ಹೋದಾಗ ನಾನೂ ಹೀಗೇ ಮಾಡಿದ್ದೆ. ಐದು ವಾರದಲ್ಲಿ ನಾಲ್ಕು ಕಡೆ ಕಲಿತೆ. ವಾಪಸ್ ಬಂದ ಮೇಲೆ ಗೆಳೆಯನೊಬ್ಬ 'ಏನ್ ಕಲ್ತೆ, ಸ್ವಲ್ಪ ಬಾರಿಸು ನೋಡೋಣ' ಅಂದ. ನಾಲ್ಕು ತುಂಡು ಬಾರಿಸಿದೆ. ಒಂದೂ ಒಂದು ನಿಮಿಷ ದಾಟಲಿಲ್ಲ. ಫೋಟೊ ಮಾತ್ರ ಚೆನ್ನಾಗಿ ಬಂದಿದ್ದವು.

ತೈಕೊದಲ್ಲಿ ಊರಿಂದೂರಿಗೆ ಬದಲಾಗುವುದು ಬರೀ ಬಡಿತ ಅಲ್ಲ, ನಿಲ್ಲುವ ರೀತಿಯೇ ಬದಲಾಗುತ್ತದೆ. ಟೋಕಿಯೊದ ಸುಕೆರೊಕು ಶೈಲಿಯಲ್ಲಿ ಡ್ರಮ್ಮನ್ನು ಓರೆಯಾಗಿ ಸ್ಟ್ಯಾಂಡಿನ ಮೇಲಿಡುತ್ತಾರೆ. ಎಡಗಾಲು ಮುಂದೆ ಬಾಗಿರುತ್ತದೆ, ಬಲಗಾಲು ಹಿಂದೆ ನೆಟ್ಟಗೆ ಚಾಚಿರುತ್ತದೆ. ಮಿಯಾಕೆಯಲ್ಲಿ ಡ್ರಮ್ ನೆಲದ ಹತ್ತಿರ ಅಡ್ಡಡ್ಡ ಮಲಗಿರುತ್ತದೆ. ನೀವು ಕಾಲು ಅಗಲಿಸಿ ಸೊಂಟವನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿ, ಇಡೀ ಮೈಯನ್ನು ಅತ್ತಿತ್ತ ತೂಗಿ ಹೊಡೆಯಬೇಕು. ಚಿಚಿಬುವಿನ ತಾಳ ಹುಟ್ಟಿದ್ದು ರಥದ ಒಳಗೆ. ಡಿಸೆಂಬರ್ 2 ಮತ್ತು 3ರ ಜಾತ್ರೆಯಲ್ಲಿ ಬಾರಿಸುವವರು ರಥದ ಕೆಳಗಿನ ಕತ್ತಲಲ್ಲಿ ಕೂತಿರುತ್ತಾರೆ, ಹೊರಗಿನವರಿಗೆ ಕಾಣುವುದೇ ಇಲ್ಲ. ಅದೇ ತಾಳವನ್ನು ವೇದಿಕೆಗೆ ತಂದವರು ಡ್ರಮ್ಮನ್ನು ಎರಡು ಕಾಲಿನ ನಡುವೆ ಇಟ್ಟುಕೊಂಡು ಹಿಂದಕ್ಕೆ ವಾಲಿ ಬಾರಿಸುತ್ತಾರೆ. ಅಲ್ಲಿ ತೋಳಿಗಿಂತ ಮೊದಲು ಹೊಟ್ಟೆಯ ಸ್ನಾಯು ಸೋಲುತ್ತದೆ.

ಈ ಮೂರನ್ನೂ ಮೂರು ವಾರದಲ್ಲಿ ಮೈಗೆ ಕಲಿಸಲು ಹೋದರೆ ಮೈ ಒಂದನ್ನೂ ಒಪ್ಪಿಕೊಳ್ಳುವುದಿಲ್ಲ. ಕೋಲು ಹಿಡಿಯುವುದರಲ್ಲೂ ಇದೇ ಪಾಡು. ಒಬ್ಬ ಗುರು 'ಕಿರುಬೆರಳು ಬಿಗಿ ಇರಲಿ, ಮೇಲಿನದು ಸಡಿಲ' ಅನ್ನುತ್ತಾರೆ. ಇನ್ನೊಬ್ಬರು 'ಹೆಬ್ಬೆರಳು, ತೋರುಬೆರಳಿನಲ್ಲಿ ಹಿಡಿ, ಉಳಿದದ್ದು ಸುಮ್ನೆ ಇರಲಿ' ಅನ್ನುತ್ತಾರೆ. ಇಬ್ಬರೂ ಸರಿ. ಆದರೆ ಇಬ್ಬರನ್ನೂ ಒಂದೇ ತಿಂಗಳಲ್ಲಿ ಕೇಳಿದವರ ಮಣಿಕಟ್ಟು ಊದಿಕೊಳ್ಳುತ್ತದೆ.

ಒಬ್ಬ ಗುರು, ಒಂದು ಶೈಲಿ. ಎಂಟು ವಾರಕ್ಕೆ ಅಷ್ಟೇ ಸಾಕು, ಅದೂ ಸ್ವಲ್ಪ ಜಾಸ್ತಿಯೇ.

ಹಾಗಾದರೆ ಯಾವುದು? ಅದಕ್ಕೆ ಸ್ವಲ್ಪ ಹಿಂದಿನ ಕಥೆ ಬೇಕು. ಸಾವಿರ ವರ್ಷದಿಂದ ಹೀಗೇ ಗುಂಪಾಗಿ ಬಾರಿಸುತ್ತಿದ್ದಾರೆ ಅಂತ ತುಂಬ ಜನ ತಿಳಿದುಕೊಂಡಿರುತ್ತಾರೆ. ಡ್ರಮ್ ಹಳೆಯದು, ದೇವಸ್ಥಾನದಲ್ಲೂ ಹಬ್ಬದಲ್ಲೂ ಇದ್ದದ್ದೇ. ವೇದಿಕೆಯ ಮೇಲೆ ಹತ್ತು, ಹದಿನೈದು ಜನ ಸೇರಿ ಬಾರಿಸುವುದು ಮಾತ್ರ 1951ರಿಂದ ಈಚಿನದು. ನಾಗಾನೊ ಪ್ರಾಂತ್ಯದಲ್ಲಿ ದೈಹಚಿ ಒಗುಚಿ ಅನ್ನುವ ಜಾಝ್ ಡ್ರಮ್ಮರ್ ಇದ್ದರು. ಸುವಾ ದೇವಸ್ಥಾನದ ಹಳೆಯ ತಾಳದ ಹಾಳೆಯೊಂದು ಅವರ ಕೈಗೆ ಬಂತು. ಒಬ್ಬನೇ ಬಾರಿಸುವ ಬದಲು ಚಿಕ್ಕದು, ದೊಡ್ಡದು, ಹೆಚ್ಚು ಸ್ವರದ್ದು, ಕಡಿಮೆ ಸ್ವರದ್ದು ಎಲ್ಲ ಸೇರಿಸಿದರೆ ಹೇಗೆ ಅಂತ ಅವರಿಗೆ ಹೊಳೆಯಿತು. ಜಾಝ್ ಡ್ರಮ್ ಸೆಟ್ಟನ್ನು ಬಿಡಿಸಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟ ಹಾಗೆ. ಅದೇ ಒಸುವಾ ದೈಕೊ ತಂಡ. ಆಮೇಲೆ 1969ರಲ್ಲಿ ದೆನ್ ತಗಾಯಾಸು ಅನ್ನುವವರು ಸಾದೊ ದ್ವೀಪದಲ್ಲಿ ಒಂದಷ್ಟು ಹುಡುಗ ಹುಡುಗಿಯರನ್ನು ಸೇರಿಸಿಕೊಂಡು ಒಂದೆಕೊಝಾ ಕಟ್ಟಿದರು. ಓಡುವುದು, ಬಾರಿಸುವುದು, ಒಟ್ಟಿಗೆ ಬದುಕುವುದು, ಅದೇ ಅವರ ಶಾಲೆ. 1975ರಲ್ಲಿ ಅವರು ಬೋಸ್ಟನ್ ಮ್ಯಾರಥಾನ್ ಪೂರ್ತಿ ಓಡಿ, ಮುಗಿಸಿದ ಕೂಡಲೇ ಡ್ರಮ್ ಬಾರಿಸಿದರು. ಆ ಗುಂಪಿನಿಂದ ಬೇರೆಯಾದವರು 1981ರಲ್ಲಿ ಕೊದೊ ತಂಡ ಕಟ್ಟಿ ಬರ್ಲಿನ್‌ನಲ್ಲಿ ಮೊದಲ ಕಾರ್ಯಕ್ರಮ ಕೊಟ್ಟರು. ಇವತ್ತು ನೀವು ವಿಡಿಯೊದಲ್ಲಿ ನೋಡಿ ಮರುಳಾಗಿರುವ ತೈಕೊ ಬಹುಪಾಲು ಈ ಮೂರು ಮನೆಯ ಮಕ್ಕಳು, ಮೊಮ್ಮಕ್ಕಳದ್ದೇ.

ಆದ್ದರಿಂದ 'ಅಸಲಿ ತೈಕೊ ಯಾವ ಊರಿನದು' ಅಂತ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಮೈಗೆ ಯಾವುದು ಹೊಂದುತ್ತದೆ ಅನ್ನುವುದೇ ಪ್ರಶ್ನೆ. ಡೊಳ್ಳು ಆಡಿದವರಿಗೆ ನಾನು ಹೇಳುವುದು ಹಚಿಜೊ. ಇದು ನಿಮ್ಮ ಪಟ್ಟಿಯಲ್ಲೇ ಇಲ್ಲ. ಟೋಕಿಯೊದ ದಕ್ಷಿಣಕ್ಕೆ ಸಮುದ್ರದಲ್ಲಿರುವ ದ್ವೀಪ, ಹಿಂದೆ ಗಡೀಪಾರಾದವರನ್ನು ಬಿಡುತ್ತಿದ್ದ ಜಾಗ. ಅಲ್ಲಿ ಒಂದೇ ಡ್ರಮ್ಮಿಗೆ ಇಬ್ಬರು. ಎದೆಯ ಎತ್ತರದಲ್ಲಿ ಅಡ್ಡ ನಿಲ್ಲಿಸಿದ ಡ್ರಮ್ಮಿನ ಆ ಕಡೆ ಒಬ್ಬರು, ಈ ಕಡೆ ಒಬ್ಬರು. ಒಬ್ಬರು ಕೆಳತಾಳ ಹಿಡಿದುಕೊಂಡೇ ಇರುತ್ತಾರೆ, ಬದಲಿಸುವುದಿಲ್ಲ. ಇನ್ನೊಬ್ಬರು ಅದರ ಮೇಲೆ ಮನಸ್ಸಿಗೆ ಬಂದದ್ದನ್ನು ಬಾರಿಸುತ್ತಾರೆ. ಹೆಂಗಸರು ಬಾರಿಸುವುದು ಅಲ್ಲಿ ಹೊಸದೇನಲ್ಲ. ಬೇರೆ ಶೈಲಿಗಳಲ್ಲಿ ಕಟ್ಟಿಟ್ಟ ಕೃತಿಯನ್ನು ಕಂಠಪಾಠ ಮಾಡಬೇಕು. ಇಲ್ಲಿ ಎರಡು ವಾರ ಕೆಳತಾಳ ಕಲಿತರೆ ಮೂರನೇ ವಾರ ನಿಮ್ಮದೇ ಏನೋ ಬಾರಿಸಬಹುದು. ಈ ಶೈಲಿಯನ್ನು ಕಲಿಸುವವರು ಟೋಕಿಯೊದಲ್ಲೂ ಇದ್ದಾರೆ. ಜುಲೈ ಪೂರ್ತಿ ಟೋಕಿಯೊದಲ್ಲಿ ವಾರಕ್ಕೆ ಎರಡು ಕ್ಲಾಸು ಇಟ್ಟುಕೊಂಡು, ನಡುವೆ ನಾಲ್ಕು ದಿನ ದ್ವೀಪಕ್ಕೆ ಹೋಗಿ ಬನ್ನಿ. ತಾಕೆಶಿಬಾ ಬಂದರಿನಿಂದ ರಾತ್ರಿ ಹಡಗು ಹೊರಡುತ್ತದೆ, ಬೆಳಗಿನ ಜಾವ ಮಿಯಾಕೆಯಲ್ಲಿ ನಿಂತು ಆಮೇಲೆ ಹಚಿಜೊ ಮುಟ್ಟುತ್ತದೆ. ಮಿಯಾಕೆಯ ಆಸೆಯನ್ನು ಹಡಗಿನ ಕಟಕಟೆಯಿಂದಲೇ ತೀರಿಸಿಕೊಳ್ಳಿ.

ಎರಡನೆಯ ಊರು ಸಾದೊ, ಆಗಸ್ಟ್‌ನಲ್ಲಿ. ಅದು ಪಟ್ಟಿಯಲ್ಲಿ ಇರಲಿ. ಕೊದೊ ತಂಡ 1988ರಿಂದ ಅಲ್ಲಿ ಅರ್ಥ್ ಸೆಲೆಬ್ರೇಷನ್ ಅನ್ನುವ ಹಬ್ಬ ಮಾಡುತ್ತಿದೆ. ಸಾಮಾನ್ಯವಾಗಿ ಆಗಸ್ಟ್‌ನ ಎರಡನೇ ಅರ್ಧದಲ್ಲಿ, ಒಗಿ ಅನ್ನುವ ಪುಟ್ಟ ಬಂದರಿನಲ್ಲಿ. ಆ ದಿನಗಳಲ್ಲಿ ಹೊರಗಿನವರಿಗಾಗಿಯೇ ಕಾರ್ಯಾಗಾರಗಳೂ ಇರುತ್ತವೆ, ಬೇಗ ಭರ್ತಿಯಾಗುತ್ತವೆ. ಟೋಕಿಯೊದಿಂದ ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ನೀಗಾತಾಗೆ ಎರಡು ಗಂಟೆ, ಅಲ್ಲಿಂದ ಜೆಟ್‌ಫಾಯಿಲ್ ಅನ್ನುವ ವೇಗದ ದೋಣಿಯಲ್ಲಿ ಸಾದೊದ ರ್ಯೊತ್ಸು ಬಂದರಿಗೆ ಒಂದು ಗಂಟೆಯ ಮೇಲೆ ಸ್ವಲ್ಪ. ಕಾರು ಹೊತ್ತೊಯ್ಯುವ ದೊಡ್ಡ ಫೆರಿಯಾದರೆ ಎರಡೂವರೆ ಗಂಟೆ. ನಾನು ಫೆರಿಯನ್ನೇ ಹಿಡಿಯುವುದು. ನೆಲಕ್ಕೆ ಕಾರ್ಪೆಟ್ ಹಾಸಿದ ಹಾಲಿನಲ್ಲಿ ಎಲ್ಲರ ಜೊತೆ ಕಾಲು ಚಾಚಿ ಮಲಗಬಹುದು, ದುಡ್ಡೂ ಕಡಿಮೆ.

ಸಾದೊದಲ್ಲಿ ಇನ್ನೊಂದು ವಿಷಯ. ಕೊದೊ ತಂಡಕ್ಕೆ ಸೇರಬೇಕೆನ್ನುವ ಹುಡುಗರು ಅಲ್ಲೇ ಎರಡು ವರ್ಷ ಒಟ್ಟಿಗೆ ಇದ್ದು ಕಲಿಯುತ್ತಾರೆ. ಬೆಳಗ್ಗೆ ಎದ್ದು ಓಡುತ್ತಾರೆ, ಭತ್ತ ಬೆಳೆಯುತ್ತಾರೆ, ಅಡುಗೆ ಮಾಡುತ್ತಾರೆ, ಆಮೇಲೆ ಬಾರಿಸುತ್ತಾರೆ. ಮೂರು ದಿನದ ಕಾರ್ಯಾಗಾರಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ. ಆದರೆ ನಮಗೆ ಕಲಿಸಲು ಬಂದವರು ಅಂಥ ಕಡೆ ಪಳಗಿದವರು ಅನ್ನುವುದು ಅವರು ನೆಲ ಒರೆಸುವುದರಲ್ಲೇ ಗೊತ್ತಾಗುತ್ತದೆ.

ನೆಲ ಒರೆಸುವ ಮಾತು ತಮಾಷೆಗೆ ಹೇಳಿದ್ದಲ್ಲ. ನಾನು ಕಲಿತ ಕಡೆ ಸಂಜೆ ಆರೂವರೆಗೆ ಕ್ಲಾಸು. ಮೊದಲ ದಿನ ಆರೂವರೆಗೆ ಸರಿಯಾಗಿ ಹೋದೆ, ಎಲ್ಲರೂ ಆಗಲೇ ಬೆವರುತ್ತಿದ್ದರು. ಆರಕ್ಕೇ ಬಂದು ಡ್ರಮ್ಮುಗಳನ್ನು ಗೋಡೌನಿನಿಂದ ಹೊತ್ತು ತಂದು, ಕವರ್ ಬಿಚ್ಚಿ, ಸ್ಟ್ಯಾಂಡ್ ಜೋಡಿಸಿದ್ದರು. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಬಟ್ಟೆಯ ತುಂಡನ್ನು ಎರಡೂ ಕೈಯಲ್ಲಿ ಒತ್ತಿಹಿಡಿದು, ಸೊಂಟ ಮೇಲೆತ್ತಿ, ಹಾಲಿನ ಈ ಗೋಡೆಯಿಂದ ಆ ಗೋಡೆಗೆ ಓಡುತ್ತ ನೆಲ ಒರೆಸುತ್ತಿದ್ದರು. ನಾನು ಬಟ್ಟೆ ಕೇಳಿದೆ. ಕೊಟ್ಟರು. ಅರ್ಧ ಹಾಲಿಗೇ ಮೊಣಕಾಲು ಊರಿದೆ. ಅಜ್ಜಿ ನಕ್ಕರು, ಇನ್ನೂ ಎರಡು ಸಾಲು ಓಡಿದರು. ಮಾರನೇ ವಾರದಿಂದ ನಾನೂ ಆರಕ್ಕೇ ಹೋಗತೊಡಗಿದೆ. ಗುರುಗಳು ನನ್ನ ಜೊತೆ ಸರಿಯಾಗಿ ಮಾತಾಡಲು ಶುರುಮಾಡಿದ್ದೂ ಆಮೇಲೆಯೇ.

ಶುರುವಿನಲ್ಲಿ ಎಲ್ಲರೂ ಬಾಗಿ 'ಒನೆಗಾಯ್‌ಶಿಮಸು' (ದಯವಿಟ್ಟು ಕಲಿಸಿ) ಅನ್ನುತ್ತಾರೆ, ಮುಗಿದ ಮೇಲೆ 'ಅರಿಗತೊ ಗೊಝಾಯ್‌ಮಶಿತಾ' (ಧನ್ಯವಾದ). ಡ್ರಮ್ಮಿಗೆ ಒರಗಬೇಡಿ. ಅದರ ಮೇಲೆ ನೀರಿನ ಬಾಟಲಿ, ಫೋನು ಇಡಬೇಡಿ. ನೆಲದ ಮೇಲಿರುವ ಕೋಲನ್ನು ದಾಟಬೇಡಿ. ನಿಮಗೆ ಇದನ್ನೆಲ್ಲ ಹೊಸದಾಗಿ ಕಲಿಸಬೇಕಿಲ್ಲ. ಡೊಳ್ಳಿಗೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೀರಿ ಅಲ್ವಾ, ಅಷ್ಟೇ.

ಈಗ ಅಭ್ಯಾಸದ ಮಾತು. ಡೊಳ್ಳು ಆಡಿದ್ದರಿಂದ ನಿಮಗೆ ಒಂದು ಲಾಭ ಇದೆ, ಒಂದು ತೊಂದರೆ ಇದೆ. ಲಾಭ ನಿಮ್ಮ ಕಾಲಿನಲ್ಲಿದೆ. ಭಾರ ಹೊತ್ತು ಕುಣಿದು ಬಾರಿಸಿದವರಿಗೆ ತಾಳ ಕಾಲಿನಿಂದ ಬರುತ್ತದೆ. ಬರೀ ಕೈಯಿಂದ ಹೊಡೆಯುವವರನ್ನು ತೈಕೊ ಗುರುಗಳು ಮೊದಲ ನೋಟಕ್ಕೇ ಕಂಡುಹಿಡಿಯುತ್ತಾರೆ. ತೊಂದರೆ ಇರುವುದು ಎಡಗೈಯಲ್ಲಿ. ಡೊಳ್ಳಿನಲ್ಲಿ ಒಂದು ಕೈಗೆ ಕೋಲು, ಇನ್ನೊಂದು ಬರೀ ಅಂಗೈ. ತೈಕೊದಲ್ಲಿ ಎರಡೂ ಕೈಗೆ ಕೋಲು, ಎರಡರ ಸದ್ದೂ ಒಂದೇ ಇರಬೇಕು. ಕಣ್ಣು ಮುಚ್ಚಿ ಕೇಳಿದರೆ ಯಾವುದು ಎಡ, ಯಾವುದು ಬಲ ಅಂತ ಗೊತ್ತಾಗಬಾರದು. ಆದ್ದರಿಂದ ಇವತ್ತಿನಿಂದಲೇ ಎಡಗೈಯಲ್ಲಿ ಕಸ ಗುಡಿಸಿ, ಎಡಗೈಯಲ್ಲಿ ಬಟ್ಟೆ ಒಗೆಯಿರಿ, ದೋಸೆ ಎಡಗೈಯಲ್ಲಿ ಹುಯ್ಯಿರಿ. ಮನೆಯವರು ನಗುತ್ತಾರೆ, ನಗಲಿ.

ಡ್ರಮ್ ಬೇಕಿಲ್ಲ. ಪಂಕ್ಚರ್ ಅಂಗಡಿಯಲ್ಲಿ ಒಂದು ಹಳೇ ಕಾರ್ ಟೈರ್ ಕೇಳಿ ತನ್ನಿ. ತೊಳೆದು ಒಣಗಿಸಿ, ಪಾರ್ಸೆಲ್ ಕಟ್ಟುವ ಅಗಲದ ಟೇಪನ್ನು ಅದರ ಬಾಯಿಗೆ ಅಡ್ಡಡ್ಡ, ಉದ್ದುದ್ದ ಬಿಗಿಯಾಗಿ ಸುತ್ತಿ. ಎಳೆದು ಎಳೆದು ಐದಾರು ಪದರ. ಕೋಲು ಪುಟಿಯುವ ಹಾಗಿರಬೇಕು. ಸ್ಟೂಲಿನ ಮೇಲಿಟ್ಟರೆ ನಿಮ್ಮ ತೈಕೊ ರೆಡಿ. ಅಮೆರಿಕದಲ್ಲಿ ಎಷ್ಟೋ ತಂಡಗಳು ಟೈರಿನ ಮೇಲೆ ಬಾರಿಸಿಯೇ ಬೆಳೆದಿವೆ. ಕೋಲಿಗೆ ಅಲ್ಲಿ 'ಬಾಚಿ' ಅನ್ನುತ್ತಾರೆ. (ನಮ್ಮ ಬಡಗಿಯ ಬಾಚಿಗೂ ಇದಕ್ಕೂ ಸಂಬಂಧ ಇಲ್ಲ!) ಬಡಗಿಯ ಹತ್ತಿರ ಸುಮಾರು 40 ಸೆಂ.ಮೀ. ಉದ್ದ, 2.2 ಸೆಂ.ಮೀ. ದಪ್ಪದ ಎರಡು ಕೋಲು ಲೇತಿನಲ್ಲಿ ತಿರುಗಿಸಿಸಿ. ಎರಡರ ತೂಕ ಒಂದೇ ಇರಲಿ. ದಿನಾ ಇಪ್ಪತ್ತು ನಿಮಿಷ, ನಿಧಾನವಾಗಿ, ಎಡ ಬಲ ಎಡ ಬಲ. ವೇಗದ ಗೊಡವೆಗೆ ಹೋಗಬೇಡಿ.

ಬಾಯಿಪಾಠವನ್ನೂ ಇಲ್ಲಿಂದಲೇ ಶುರುಮಾಡಿ. ನಮ್ಮ ಮೃದಂಗದವರು 'ತ ಧಿ ತೊಂ ನಂ' ಅಂದ ಹಾಗೆ ತೈಕೊದವರಿಗೂ ಬಾಯಿಮಾತಿನ ತಾಳ ಇದೆ, ಕುಚಿಶೋಗ ಅನ್ನುತ್ತಾರೆ. 'ದೊನ್' ಅಂದರೆ ನಡುವೆ ಒಂದು ತುಂಬು ಪೆಟ್ಟು. 'ದೊಕೊ' ಅಂದರೆ ಅದೇ ಹೊತ್ತಿನಲ್ಲಿ ಎರಡು. 'ಕ' ಅಂಚಿನ ಮೇಲೆ, 'ಕರ' ಅಂಚಿನ ಮೇಲೆ ಎರಡು. 'ತ್ಸು' ಮೆಲ್ಲಗೆ. ನನಗೆ ತುಂಬ ಇಷ್ಟವಾದದ್ದು 'ಸು'. ಅದು ಪೆಟ್ಟಲ್ಲ, ಸುಮ್ಮನಿರುವ ಜಾಗ. 'ದೊನ್ ಸು ದೊನ್ ದೊಕೊ.' ಹೊಡೆಯದ ಜಾಗಕ್ಕೂ ಒಂದು ಅಕ್ಷರ ಇದೆ, ಅದನ್ನೂ ಬಾಯಲ್ಲಿ ಹೇಳಬೇಕು. ನಮ್ಮಲ್ಲಿ ಆ ಖಾಲಿಯನ್ನು ತಾಳ ಹಾಕುವ ಕೈ ನೋಡಿಕೊಳ್ಳುತ್ತದೆ. ಅವರಿಗೆ ಕೈ ಬಿಡುವಿಲ್ಲ, ಅದಕ್ಕೇ ಬಾಯಿಗೆ ವಹಿಸಿದ್ದಾರೆ.

ಮೊದಲ ಕ್ಲಾಸಿನಲ್ಲಿ ಏನಾಗುತ್ತದೆ ಅಂತ ಮುಂಚೆಯೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿರಾಶೆಯಾಗುತ್ತದೆ. ನನಗೆ ಒಂದೂವರೆ ಗಂಟೆ ಬರೀ 'ದೊನ್' ಹೊಡೆಸಿದರು. ಕೈ ಎತ್ತು, ತೋಳು ನೆಟ್ಟಗೆ ಆಕಾಶಕ್ಕೆ, ಬೀಳಲು ಬಿಡು. ಮತ್ತೆ. ಪ್ರತಿ ಎರಡು ನಿಮಿಷಕ್ಕೆ ಗುರುಗಳು ಬಂದು ಹೆಗಲು ಮುಟ್ಟಿ 'ಚಿಕಾರಾ ನುಯ್ತೆ' ಅನ್ನುತ್ತಿದ್ದರು. ಬಲ ತೆಗೆ ಅಂತ. ಹೊರಗಿನಿಂದ ನೋಡುವವರಿಗೆ ತೈಕೊ ಅಂದರೆ ಶಕ್ತಿಯ ಆಟ. ಕಲಿಯುವವರು ಹೆಚ್ಚು ಸಲ ಕೇಳುವ ಮಾತು ಮಾತ್ರ ಇದೇ. ಕೊನೆಯ ಹತ್ತು ನಿಮಿಷಕ್ಕೆ ತೋಳಿನಲ್ಲಿ ಬಲವೇ ಉಳಿದಿರಲಿಲ್ಲ, ಆಗ ಒಂದು ಪೆಟ್ಟು ಹಾಗೇ ಬಿತ್ತು. ಹಾಲಿನ ಕಿಟಕಿ ಗಾಜು ಗುಂಯ್ ಅಂತು. ಗುರುಗಳು ಏನೂ ಹೇಳಲಿಲ್ಲ, ಮುಂದಿನವರ ಹತ್ತಿರ ಹೋದರು.

ಎರಡನೇ ವಾರದಿಂದ ನಿಮಗೆ ಬಹುಶಃ 'ಜಿ' ಕೊಡುತ್ತಾರೆ, ಅಂದರೆ ತಳದ ತಾಳ. ಸಮ ನಡೆಯ 'ದೊಕೊ ದೊಕೊ', ಇಲ್ಲವೇ ಕುದುರೆ ಓಟದ 'ದೊಂಕೊ ದೊಂಕೊ'. ಜೊತೆಯವರು ಮುಂದೆ ನಿಂತು ಕೋಲು ತಿರುಗಿಸಿ ಮಿಂಚುತ್ತಿದ್ದಾಗ ನೀವು ಮೂಲೆಯಲ್ಲಿ ಇದೊಂದನ್ನೇ ಇಪ್ಪತ್ತು ನಿಮಿಷ ಬಾರಿಸುತ್ತಿರಬೇಕು. ಆರು ಊರಿನ ಪಟ್ಟಿ ಇಟ್ಟುಕೊಂಡವರಿಗೆ ಇದು ಸಿಗುವುದೇ ಇಲ್ಲ. ಎರಡು ದಿನದ ಅತಿಥಿಗೆ ಯಾರೂ ತಳ ಕೊಡುವುದಿಲ್ಲ, ಒಂದು ಚೆಂದದ ತುಂಡು ಕಲಿಸಿ ಕಳಿಸುತ್ತಾರೆ. ತಳ ಹಿಡಿಯಲು ಕೊಟ್ಟರು ಅಂದರೆ ನಿಮ್ಮ ಮೇಲೆ ನಂಬಿಕೆ ಬಂದಿದೆ ಅಂತ ಅರ್ಥ.

ಅಮ್ಮನ ಪ್ರಶ್ನೆಗೆ ಬರುತ್ತೇನೆ. ದೊಡ್ಡ ಡ್ರಮ್ಮು, ನಗಾಡೊ ದೈಕೊ, ಅದಕ್ಕೆ ಹಾಕುವುದು ದನದ ಚರ್ಮ. ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಅಮ್ಮನಿಗೆ ಹೇಳಿಯೇ ಹೋಗಿ. ಒಡಲು ಕೆಯಾಕಿ ಅನ್ನುವ ಮರದ ಒಂದೇ ದಿಮ್ಮಿ, ಒಳಗೆ ಕೊರೆದು ವರ್ಷಗಟ್ಟಲೆ ಒಣಗಿಸಿದ್ದು. ಚರ್ಮ ಬಿಗಿಯುವುದನ್ನು ಒಮ್ಮೆ ನೋಡಬೇಕು. ಹಸಿ ಚರ್ಮವನ್ನು ಸುತ್ತಲೂ ಹಗ್ಗದಿಂದ ಎಳೆದು, ಕೆಳಗಿನಿಂದ ಜಾಕ್ ಕೊಟ್ಟು ಬಿಗಿ ಮಾಡುತ್ತ ಹೋಗುತ್ತಾರೆ. ನಡುನಡುವೆ ಮನುಷ್ಯರೇ ಹತ್ತಿ ಆ ಚರ್ಮದ ಮೇಲೆ ನಿಂತು ಹಿಮ್ಮಡಿಯಲ್ಲಿ ತುಳಿಯುತ್ತಾರೆ. ಇಳಿದು ಬಾರಿಸಿ ಕೇಳುತ್ತಾರೆ. ಮತ್ತೆ ಹತ್ತುತ್ತಾರೆ. ಸದ್ದು ಸರಿ ಅನ್ನಿಸಿದಾಗ ಸುತ್ತಲೂ ಮೊಳೆ ಹೊಡೆಯುತ್ತಾರೆ. ಆಮೇಲೆ ಬಿಗಿ ಮಾಡುವ ದಾರಿ ಇಲ್ಲ. ಡೊಳ್ಳಿನ ಹಗ್ಗ ಎಳೆದ ಹಾಗೆ ಎಳೆಯಲು ಆಗುವುದಿಲ್ಲ. ಜುಲೈ ಮಧ್ಯದವರೆಗೂ ಅಲ್ಲಿ ಮಳೆಗಾಲ, ಗಾಳಿಯಲ್ಲಿ ತೇವ. ಆಗ ನಗಾಡೊ ಸ್ವಲ್ಪ ಮಂಕಾಗಿಯೇ ಕೇಳುತ್ತದೆ, ನಿಮ್ಮ ಕೈ ತಪ್ಪು ಅಂದುಕೊಳ್ಳಬೇಡಿ.

ಈ ಚರ್ಮದ ಹಿಂದೆ ಇನ್ನೊಂದು ಕಥೆ ಇದೆ. ಜಪಾನಿನಲ್ಲಿ ಚರ್ಮದ ಕೆಲಸ ಮಾಡುವವರನ್ನು ತಲೆಮಾರುಗಟ್ಟಲೆ ಊರ ಹೊರಗಿಟ್ಟಿದ್ದರು. ಆ ಕೀಳು ದರ್ಜೆಯನ್ನು ಕಾನೂನು 1871ರಲ್ಲೇ ತೆಗೆದುಹಾಕಿತು, ಮನಸ್ಸಿನಿಂದ ಅದು ಹೋಗಲಿಲ್ಲ. ಒಸಾಕಾದ ನಾನಿವಾ ಭಾಗ ಡ್ರಮ್ ಮಾಡುವವರ ಹಳೆಯ ಕೇರಿ. ಬಾರಿಸಿದವನಿಗೆ ಚಪ್ಪಾಳೆ, ಮಾಡಿಕೊಟ್ಟವನ ಹೆಸರು ಯಾರೂ ಎತ್ತುತ್ತಿರಲಿಲ್ಲ. ಆ ಕೇರಿಯ ಹುಡುಗರು 1987ರಲ್ಲಿ ತಾವೇ ಒಂದು ತಂಡ ಕಟ್ಟಿದರು. ಹೆಸರು 'ಇಕಾರಿ', ಅಂದರೆ ಸಿಟ್ಟು. ತಮಟೆಯ ಕಥೆ ಗೊತ್ತಿರುವ ನಾಡಿನಿಂದ ಹೋಗುವ ನಿಮಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ಒಂದೇ ಸೂಚನೆ: ಡ್ರಮ್ ಮಾಡುವವರನ್ನು ಭೇಟಿಯಾದಾಗ 'ನಿಮ್ಮ ಮನೆತನ ಯಾವುದು, ಯಾವ ಕೇರಿ' ಅಂತ ನಮ್ಮ ಸಲುಗೆಯಲ್ಲಿ ಕೇಳಬೇಡಿ. ಕೆಲಸದ ಬಗ್ಗೆ ಎಷ್ಟು ಬೇಕಾದರೂ ಕೇಳಿ, ಖುಷಿಯಿಂದ ಹೇಳುತ್ತಾರೆ. ಡ್ರಮ್ ಮಾಡುವ ಮನೆಗಳಲ್ಲಿ ಹಕುಸಾನ್‌ನ ಅಸಾನೊ 1609ರಿಂದ ಇದೆ, ಟೋಕಿಯೊದ ಮಿಯಾಮೊತೊ ಉನೊಸುಕೆ 1861ರಿಂದ. ಹಕುಸಾನ್ ನಿಮ್ಮ ಪಟ್ಟಿಯಲ್ಲಿ ಬಂದದ್ದು ಅಸಾನೊ ಕಾರಣದಿಂದಲೇ ಇರಬೇಕು. ಒಂದು ದಿನ ಸಿಕ್ಕರೆ ಹೋಗಿ ನೋಡಿ ಬನ್ನಿ, ಕಲಿಯಲು ಬೇಡ.

ಭಾಷೆಗೆ ಹೆದರಬೇಡಿ. ಜಪಾನೀ ವಾಕ್ಯ ಕನ್ನಡದ ಹಾಗೇ ನಡೆಯುತ್ತದೆ. ಕ್ರಿಯಾಪದ ಕೊನೆಗೆ, 'ಗೆ', 'ಇಂದ', 'ಅಲ್ಲಿ' ಅನ್ನುವಂಥವು ಹೆಸರಿನ ಬೆನ್ನಿಗೆ. ಇಂಗ್ಲಿಷಿನವರು ತಿಣುಕುವ ಕಡೆ ನಮಗೆ ಸಲೀಸು. 'ಮೊ ಇಚಿದೊ' (ಇನ್ನೊಂದು ಸಲ), 'ಯುಕ್ಕುರಿ' (ನಿಧಾನ), 'ಮಿಗಿ' (ಬಲ), 'ಹಿದಾರಿ' (ಎಡ), ಒಂದರಿಂದ ಹತ್ತರ ಎಣಿಕೆ, ಇಷ್ಟಿದ್ದರೆ ಕ್ಲಾಸು ನಡೆಯುತ್ತದೆ. ಉಳಿದದ್ದು ಬಾಯಿತಾಳ.

ಊಟ ನಿಜಕ್ಕೂ ಕಷ್ಟ, ಸುಳ್ಳು ಹೇಳುವುದಿಲ್ಲ. ಮಾಂಸ ಬೇಡ ಅಂದರೆ ಮೀನು ತಂದಿಡುತ್ತಾರೆ. ಮೀನೂ ಬೇಡ ಅಂದರೆ ಬರೀ ತರಕಾರಿಯ ಸಾರು ತರುತ್ತಾರೆ, ಆ ಸಾರಿನ ತಳದಲ್ಲಿ ದಾಶಿ ಇರುತ್ತದೆ. ದಾಶಿ ಅಂದರೆ ಸಾಮಾನ್ಯವಾಗಿ ಒಣಮೀನಿನ ಚೂರು ಕುದಿಸಿದ ನೀರು. ಮಿಸೊ ಸೂಪಿನಲ್ಲಿ, ಉದೊನ್ ನೂಡಲ್ಸಿನಲ್ಲಿ, ಎಲ್ಲ ಕಡೆ ಅದೇ. ಅವರಿಗೆ ಅದು ಮೀನು ಅಂತ ಅನ್ನಿಸುವುದೇ ಇಲ್ಲ. ಆದ್ದರಿಂದ ಅಡುಗೆಮನೆ ಇರುವ ರೂಮು ಹಿಡಿಯಿರಿ. ಹುಳಿಪುಡಿ, ಚಟ್ನಿಪುಡಿ, ಉಪ್ಪಿನಕಾಯಿ ಒಯ್ಯಿರಿ. ಹಸಿ ಕರಿಬೇವು, ಹಣ್ಣು, ತರಕಾರಿ ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ಅಲ್ಲಿನ ಅಂಟಂಟು ಅನ್ನಕ್ಕೆ ಮೊಸರು ಕಲಸಿದರೆ ಎಷ್ಟು ಚೆನ್ನಾಗಿ ಹೊಂದುತ್ತದೆ ಅಂತ ನೀವೇ ನೋಡಿ. ಸೆಖೆ 35 ಡಿಗ್ರಿ ದಾಟುತ್ತದೆ, ಕ್ಲಾಸು ನಡೆಯುವ ಹಾಲಿನಲ್ಲಿ ಎಸಿ ಇಲ್ಲದಿರಬಹುದು. ಅವರು ಕುಡಿಯುವ ಮುಗಿಚಾ, ಹುರಿದ ಬಾರ್ಲಿಯ ತಣ್ಣನೆ ನೀರು, ಅದನ್ನು ರೂಢಿ ಮಾಡಿಕೊಳ್ಳಿ. ನಾನು ಬ್ಯಾಗಿನಲ್ಲಿ ಸದಾ ಒಂದು ಚೀಟಿ ಉಪ್ಪು ಇಟ್ಟುಕೊಂಡಿರುತ್ತಿದ್ದೆ.

ವೀಸಾ ತಲೆನೋವಲ್ಲ. ದುಡ್ಡು ಕೊಟ್ಟು ಕೆಲ ವಾರ ಕಲಿಯಲು ಪ್ರವಾಸಿ ವೀಸಾ ಸಾಕು, 90 ದಿನದವರೆಗೆ ಕೊಡುತ್ತಾರೆ. ಅರ್ಜಿ ಬೆಂಗಳೂರಿನ ವಿಎಫ್‌ಎಸ್ ಕೇಂದ್ರದ ಮೂಲಕ. ದುಡ್ಡು ತಗೊಂಡು ಕಾರ್ಯಕ್ರಮ ಕೊಡುವ ಹಾಗಿಲ್ಲ. ಮುಂದೆ ಒಂದು ವರ್ಷ ಇದ್ದು ಕಲಿಯಬೇಕು ಅನ್ನಿಸಿದರೆ ಸಾಂಸ್ಕೃತಿಕ ಚಟುವಟಿಕೆಯ ವೀಸಾ ಅಂತ ಬೇರೆಯೇ ಇದೆ, ಅದಕ್ಕೆ ಅಲ್ಲಿನ ಗುರುಗಳು ಅಲ್ಲಿಂದಲೇ ಕಾಗದಪತ್ರ ಮಾಡಿಸಬೇಕು. ಬೆಂಗಳೂರಿನಿಂದ ಟೋಕಿಯೊದ ನರಿತಾಗೆ ನೇರ ವಿಮಾನ ಇದೆ. ಜಪಾನ್ ರೈಲ್ ಪಾಸ್ ಕೊಳ್ಳಬೇಡಿ. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಪಾಸಿನ ಬೆಲೆ 29,650 ಯೆನ್‌ನಿಂದ 50,000ಕ್ಕೆ ಏರಿತು. ಒಂದೇ ಊರಿನಲ್ಲಿ ಕೂರುವವರಿಗೆ ಅದು ದಂಡ. ಆಗಸ್ಟ್ 13ರಿಂದ 16ರವರೆಗೆ ಒಬೊನ್, ನಮ್ಮ ಪಿತೃಪಕ್ಷದ ಹಾಗೆ ಹಿರಿಯರನ್ನು ನೆನೆಯುವ ಹಬ್ಬ. ಇಡೀ ದೇಶ ಊರಿಗೆ ಹೊರಟಿರುತ್ತದೆ, ರೈಲು ಸಿಗುವುದಿಲ್ಲ, ಎಷ್ಟೋ ಕ್ಲಾಸುಗಳಿಗೆ ರಜೆ. ಆ ದಿನ ಪ್ರಯಾಣ ಇಟ್ಟುಕೊಳ್ಳದೆ ಹತ್ತಿರದ ಬಡಾವಣೆಯ ಬೊನ್ ಕುಣಿತಕ್ಕೆ ಹೋಗಿ. ನಡುವೆ ಅಟ್ಟಣಿಗೆ, ಮೇಲೆ ಒಂದು ತೈಕೊ, ಸುತ್ತ ಅಜ್ಜಿಯರು, ಮಕ್ಕಳು ಸುತ್ತು ಹಾಕಿ ಕುಣಿಯುತ್ತಿರುತ್ತಾರೆ. ಯಾರು ಬೇಕಾದರೂ ಸೇರಬಹುದು. ಆಗಸ್ಟ್ ಕೊನೆಗೆ ಚಂಡಮಾರುತ ಬಂದರೆ ಸಾದೊದ ದೋಣಿ ನಿಲ್ಲುತ್ತದೆ. ವಾಪಸ್ ವಿಮಾನಕ್ಕೂ ದ್ವೀಪ ಬಿಡುವ ದಿನಕ್ಕೂ ನಡುವೆ ಮೂರು ದಿನ ಬಿಡಿ.

ಕೈಯಲ್ಲಿ ಗುಳ್ಳೆ ಬರುತ್ತದೆ. ಬಂದ ಮೇಲೆ ಪಟ್ಟಿ ಸುತ್ತುವುದಲ್ಲ, ಬಿಸಿ ಅನ್ನಿಸಿದ ಕೂಡಲೇ ಸುತ್ತಿ. ಕಿವಿಗೆ ಹತ್ತಿ ಬೇಡ, ಒಳ್ಳೆಯ ಇಯರ್‌ಪ್ಲಗ್ ಇರಲಿ. ಶೀತದ ಮಾತ್ರೆ ಒಯ್ಯುವ ಮುಂಚೆ ಚೀಟಿ ಓದಿ, ಸ್ಯೂಡೊಎಫೆಡ್ರಿನ್ ಅನ್ನುವ ಮದ್ದು ಶೇ. 10ಕ್ಕಿಂತ ಜಾಸ್ತಿ ಇದ್ದರೆ ಅಲ್ಲಿ ನಿಷೇಧ.

ಇನ್ನೊಂದು ಸೂಕ್ಷ್ಮ. ಕಲಿತ ಕೃತಿಯನ್ನು ಇಲ್ಲಿ ಬಂದು ವೇದಿಕೆಯಲ್ಲಿ ಬಾರಿಸಬಹುದೇ ಅಂತ ಗುರುಗಳನ್ನು ಬಾಯಿಬಿಟ್ಟು ಕೇಳಿ. ದುಡ್ಡು ಕೊಟ್ಟು ಕಲಿತೆ, ಹಾಗಾಗಿ ನನ್ನದು ಅನ್ನುವ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಟೋಕಿಯೊದ ಒಎದೊ ಸುಕೆರೊಕು ತಂಡ 1990ರ ದಶಕದ ಕೊನೆಗೆ ಅಮೆರಿಕದ ತಂಡಗಳಿಗೆ, ನಮ್ಮ ಕೃತಿಗಳನ್ನು ಅನುಮತಿ ಇಲ್ಲದೆ ಬಾರಿಸಬೇಡಿ ಅಂತ ಹೇಳಿಕಳಿಸಿದ್ದು ದೊಡ್ಡ ಚರ್ಚೆಯಾಗಿತ್ತು. ಕೇಳಿದರೆ ಬಹುಪಾಲು ಗುರುಗಳು ಒಪ್ಪುತ್ತಾರೆ. ಕೇಳದೆ ಮಾಡಿದರೆ ನಿಮ್ಮ ನಂತರ ಹೋಗುವವರಿಗೆ ಬಾಗಿಲು ಮುಚ್ಚುತ್ತದೆ.

ಈಗ ಮಾಡಬೇಕಾದ ಮೊದಲ ಕೆಲಸ, ಒಂದು ಕಾಗದ. ಆರು ಕಡೆಗೂ ಒಂದೇ ಮೇಲ್ ಕಳಿಸಬೇಡಿ. ಒಬ್ಬರನ್ನು ಆರಿಸಿ, ಫೆಬ್ರವರಿ ಒಳಗೆ ಬರೆಯಿರಿ. ನೀವು ಯಾರು, ಎಷ್ಟು ವಾರ ಇರುತ್ತೀರಿ, ವಾರಕ್ಕೆ ಎಷ್ಟು ಕ್ಲಾಸಿಗೆ ಬರಬಲ್ಲಿರಿ, ಮುಂಚೆ ಬಂದು ನೆಲ ಒರೆಸಲು, ಡ್ರಮ್ ಹೊರಲು ತಯಾರಿದ್ದೀರಿ ಅಂತ ನಾಲ್ಕು ಸಾಲು. ಜೊತೆಗೆ ನಿಮ್ಮ ಡೊಳ್ಳು ತಂಡದ ಒಂದು ನಿಮಿಷದ ವಿಡಿಯೊ. ಕಾಲು ಕಾಣುವಂಥದ್ದು. ಅಲ್ಲಿ ಕೊನೆಯ ದಿನ ಹೇಗೂ ನಿಮ್ಮನ್ನು 'ನಿಮ್ಮ ಊರಿನದು ಬಾರಿಸಿ' ಅಂತ ಕೇಳಿಯೇ ಕೇಳುತ್ತಾರೆ. ನಾನು ಕೈಬೀಸಿ ನಕ್ಕು ತಪ್ಪಿಸಿಕೊಂಡಿದ್ದೆ, ಈಗಲೂ ನಾಚಿಕೆಯಾಗುತ್ತದೆ. ನೀವು ಸೊಂಟಕ್ಕೆ ಶಾಲು ಬಿಗಿದು ಅವರ ಒಕೆದೊ ಕೇಳಿ. ಹಲಗೆ ಜೋಡಿಸಿ ಮಾಡಿದ ಹಗುರದ ಡ್ರಮ್ಮು, ಹಗ್ಗದ ಬಿಗಿ, ಹೆಗಲಿಗೆ ಹಾಕಿಕೊಳ್ಳಬಹುದು. ಡೊಳ್ಳಿನಷ್ಟು ಗಂಭೀರ ದನಿ ಅಲ್ಲ, ನಡೆಯುತ್ತದೆ. ಬರುವಾಗ ಅಲ್ಲಿ ಕೊಂಡ ಬಾಚಿಗಳನ್ನು ಕೈಚೀಲದಲ್ಲಿ ಇಟ್ಟುಕೊಳ್ಳಬೇಡಿ, ದೊಣ್ಣೆ ಅಂತ ತಡೆಯುತ್ತಾರೆ. ಚೆಕ್-ಇನ್ ಬ್ಯಾಗಿನಲ್ಲಿ ಬಟ್ಟೆಯ ನಡುವೆ ಸುತ್ತಿಡಿ.